ಬೇವು ತಿಂದ ಆಡು

ನನ್ನ ಸೋದರಮಾವನಷ್ಟು ಕಟ್ಟುನಿಟ್ಟಾಗಿ ಪಥ್ಯ ಮಾಡುವ ಸಕ್ಕರೆ ಕಾಯಿಲೆಯವರು ಇಡೀ ಕುಷ್ಟಗಿ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಹಾಗೆಂದು ಹೇಳಿದವರು ಯಾರು ಅಂತೀರಾ? ಅವನೇ! ಚಹಾಕ್ಕೆ ಸಕ್ಕರೆ ಬಿಟ್ಟಿದ್ದಾನೆ. ಹೋಳಿಗೆ ಕಂಡರೆ ಮುಖ ತಿರುಗಿಸುತ್ತಾನೆ. ಪಕ್ಕದ ತೋಟದವರು ಕೊಟ್ಟ ದಾಳಿಂಬೆಯನ್ನು ಬರೀ ಕಣ್ಣಿನಿಂದ ತಿನ್ನುತ್ತಾನೆ. ಇಷ್ಟೆಲ್ಲ ತ್ಯಾಗ ಮಾಡಿದ ಮನುಷ್ಯ, ಎಲುಬಿನ ಸಾರಿನ ಮೇಲೆ ತೇಲುವ ಕೊಬ್ಬನ್ನು ಮಾತ್ರ ಬಟ್ಟಲು ಎತ್ತಿ ಗಟಗಟ ಕುಡಿಯುತ್ತಾನೆ.

"ಇದು ಸಕ್ಕರಿ ಬ್ಯಾನಿ ಹೌದಿಲ್ಲೋ? ಅಂದಮ್ಯಾಲೆ ಸಕ್ಕರಿ ಬಿಟ್ಟರ ಮುಗೀತು. ಕುರಿ ಎಂದಾರ ಬೆಲ್ಲ ಮುಕ್ಕಿದ್ದು ನೋಡಿಯೇನು?" ಎಂಬುದು ಅವನ ವಾದ.

ಬೇವಿನ ಎಲೆ ತಿಂದರೆ ಸಕ್ಕರೆ ಇಳಿಯುತ್ತದೆಂದು ಯಾರೋ ಅವನ ಕಿವಿಗೆ ಹಾಕಿದರು. ಮಾವ ಒಂದೇ ಒಂದು ಎಲೆ ಅಗಿದು, ಮೂರು ತಂಬಿಗೆ ನೀರು ಕುಡಿದ. ಆಮೇಲೆ ಅವನಿಗೆ ಜ್ಞಾನೋದಯವಾಯಿತು: ಬೇವನ್ನು ಆಡು ತಿನ್ನುತ್ತದೆ, ಆಡನ್ನು ನಾವು ತಿನ್ನುತ್ತೇವೆ! "ಅಗಿಯೋ ಕೆಲಸ ಆಡು ಮಾಡ್ತೈತಿ, ಔಷಧ ನಾ ತಗೋತೀನಿ!" ಅಂದಿನಿಂದ ಮಟನ್ ಅಂಗಡಿಯಲ್ಲಿ ತೂಕ, ದರ ಯಾವುದನ್ನೂ ಕೇಳುವುದಿಲ್ಲ.

"ಇದು ಬೇವು ತಿಂದ ಆಡು ಹೌದಿಲ್ಲೋಪಾ?"

"ಸಾಹೇಬ್ರ, ಬೇವಿನ ಗಿಡದ ಬುಡಕs ಹುಟ್ಟಿ ಅಲ್ಲೇ ಬೆಳದದ್ದು ನೋಡ್ರಿ!"

ಇದನ್ನು ನಂಬುವುದಾದರೆ, ನಮ್ಮ ಕಡೆ ಬೇವಿನ ಗಿಡಗಳಲ್ಲಿ ಒಂದು ಎಲೆಯೂ ಉಳಿದಿರಬಾರದು.

ಸಕ್ಕರೆ ಏರುತ್ತಲೇ ಹೋದಾಗ ನಾನೂ ಅತ್ತೆಯೂ ಸೇರಿ ಅವನನ್ನು ಕೊಪ್ಪಳದ ಡಾಕ್ಟರ ಹತ್ತಿರ ಎಳೆದೊಯ್ದೆವು. ಮಾವ ನಿವೃತ್ತ ಲೈನ್‌ಮನ್ ಎಂದು ತಿಳಿದ ಡಾಕ್ಟರು ಅವನದೇ ಭಾಷೆಯಲ್ಲಿ ಬಿಡಿಸಿ ಹೇಳಿದರು. "ಕರೆಂಟ್ ಬರಾಕತ್ತೈತ್ರಿ, ಆದ್ರ ಸ್ವಿಚ್ಚಿಗೆ ಜಿಡ್ಡು ಹಿಡದೈತಿ. ಕೊಬ್ಬು ಹೆಚ್ಚಾದ್ರ ಇನ್ಸುಲಿನ್ ಇದ್ದೂ ಕೆಲಸ ಮಾಡಂಗಿಲ್ಲ. ಈ ಕೊಬ್ಬಿನ ಮಾಂಸ ಕಡಿಮಿ ಮಾಡ್ರಿ. ಪಾದದ ನರಾ ಆಗಲೇ ಜೋಮು ಹಿಡದಾವು. ಹಿಂಗs ನಡದ್ರ ಕಾಲು ಉಳಿಯೂದು ಕಷ್ಟ."

"ಜಿಡ್ಡು ಹಿಡದ್ರ ನಾವು ಕಂಬ ಹತ್ತಿ ಒರಸ್ತಿದ್ವಿರಿ, ಊಟ ಬಿಡ್ತಿರಲಿಲ್ಲ!" ಎಂದ ಮಾವ. ಅತ್ತೆಗೆ ಮಾತ್ರ ಕಡೆಯ ವಾಕ್ಯವೊಂದೇ ಕೇಳಿಸಿತ್ತು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವಳು ಗಂಡನ ಕಾಲನ್ನೇ ನೋಡುತ್ತ ಕೂತಿದ್ದಳು.

ಮಾವ ಡಾಕ್ಟರಿಗೆ ಹೆದರುವುದಿಲ್ಲ, ದೇವರಿಗೆ ಹೆದರುತ್ತಾನೆ. ಇದು ಅತ್ತೆಗೆ ಗೊತ್ತು. ಸೋಮವಾರ ಮೊದಲೇ ಶಿವನದು, ಮನೆಯಲ್ಲಿ ಮಾಂಸ ಬೇಯುವುದಿಲ್ಲ. ಶನಿವಾರವನ್ನು ಹನುಮಪ್ಪನಿಗೆ ಹರಕೆ ಹೊತ್ತಳು. ಮಂಗಳವಾರ, ಶುಕ್ರವಾರ ಅಮ್ಮನಿಗೆ ಹೋದವು. ಬುಧವಾರಕ್ಕೆ ಯಾರೂ ಸಿಗದೆ ತನ್ನ ತವರಿನ ದೇವರನ್ನು ಕರೆತಂದಳು. ಆ ದೇವರ ಹೆಸರು ಮಾವನಿಗೆ ಗೊತ್ತಿರಲಿಲ್ಲ, ಹಾಗಾಗಿ ಆ ದೇವರಿಗೇ ಹೆಚ್ಚು ಹೆದರಿದ!

ಗುರುವಾರದಲ್ಲಿ ಅತ್ತೆ ಎಡವಿದಳು. ಅವಸರದಲ್ಲಿ ಅದನ್ನು ದರ್ಗಾಕ್ಕೆ ಬಿಟ್ಟಳು. ದರ್ಗಾಕ್ಕೆ ಹರಕೆಯೆಂದರೆ ನಮ್ಮಲ್ಲಿ ಕಂದೂರಿ, ಕಂದೂರಿಯೆಂದರೆ ಕುರಿ ಕೊಯ್ದು ಎಲ್ಲರಿಗೂ ಊಟ! "ಹರಕಿ ಅಂದ್ರ ಹರಕಿ, ತಪ್ಪಬಾರದು" ಎಂದು ಮಾವ ಭಕ್ತಿಯಿಂದ ಚೀಲ ಹಿಡಿದು ಹೊರಟೇಬಿಟ್ಟ. ಮುಂದಿನ ವಾರದೊಳಗೆ ಅತ್ತೆ ಗುರುವಾರವನ್ನು ರಾಯರ ಮಠಕ್ಕೆ ವರ್ಗ ಮಾಡಿದಳು.

ಉಳಿದದ್ದು ರವಿವಾರ ಒಂದೇ. ಅದನ್ನು ಮಾತ್ರ ಮಾವ ಯಾವ ದೇವರಿಗೂ ಬಿಡಲಿಲ್ಲ. ವಾರದ ಬಾಕಿಯನ್ನೆಲ್ಲ ಅವತ್ತೇ ತಿಂದು ತೀರಿಸುತ್ತಿದ್ದ.

ಹೋದ ತಿಂಗಳು ಒಂದು ರವಿವಾರ ನಾನು ಅವರ ಮನೆಯಲ್ಲೇ ಇದ್ದೆ. ಮಾವ ಮಟನ್ ಚೀಲ ಹಿಡಿದು ಮದುಮಗನ ಠೀವಿಯಲ್ಲಿ ಬಂದ. ಬಲಗಾಲಲ್ಲಿ ಚಪ್ಪಲಿ ಇತ್ತು, ಎಡಗಾಲಲ್ಲಿ ಇರಲಿಲ್ಲ.

"ಮಾವಾ, ಇನ್ನೊಂದು ಚಪ್ಪಲಿ ಎಲ್ಲೈತಿ?"

ಬಗ್ಗಿ ನೋಡಿಕೊಂಡ. "ಅರೆ! ನನಗೊಂದು ಮಾತು ಹೇಳದs ಹೋಗೇತಲ್ಲೋ!"

ನಾನು ಹೊಟ್ಟೆ ಹಿಡಿದು ನಕ್ಕೆ. ಅತ್ತೆ ನಗಲಿಲ್ಲ. ಕಟ್ಟೆಯ ಮೇಲಿನ ರಕ್ತದ ಹೆಜ್ಜೆ ಅವಳ ಕಣ್ಣಿಗೆ ಬಿದ್ದಿತ್ತು. ಅವನನ್ನು ಕೂರಿಸಿ, ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ನಾಟಿಕೊಂಡಿದ್ದ ಗಾಜಿನ ಚೂರನ್ನು ಕಿತ್ತು ತೆಗೆದಳು.

"ನೋವಾತೇನ್ರಿ?"

"ಇಷ್ಟಕ್ಕs? ಇರಿವಿ ಕಡದಂಗೂ ಆಗಲಿಲ್ಲ. ಲೈನ್‌ಮನ್ ಕಾಲು ಇದು!" ಎಂದು ನನ್ನತ್ತ ಕಣ್ಣು ಮಿಟುಕಿಸಿದ. ಇವತ್ತಿನ ಆಡು ಎಂಥ ಬೇವು ತಿಂದಿತ್ತೆಂದು ವರ್ಣಿಸತೊಡಗಿದ.

ಅತ್ತೆಯ ಕಣ್ಣೀರು ಅವನ ಪಾದದ ಮೇಲೆ ತೊಟತೊಟ ಬೀಳುತ್ತಿತ್ತು. ಅದೂ ಅವನಿಗೆ ತಿಳಿಯಲಿಲ್ಲ. ಮಾತಿನ ನಡುವೆ ಸುಮ್ಮನೆ ಕೆಳಗೆ ನೋಡಿದಾಗ ಪಾದ ಒದ್ದೆಯಾಗಿರುವುದು ಕಂಡಿತು. ಆಮೇಲೆ ಅವಳ ಮುಖ ಕಂಡಿತು. ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮಾವ ಮಟನ್ ಚೀಲವನ್ನು ದೂರ ಸರಿಸಿ ಮೆಲ್ಲಗೆ ಹೇಳಿದ. "ರವಿವಾರನೂ ಬಿಟ್ಟೆ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾವ ದೇವ್ರಿಗ್ರಿ?"

"ದೇವ್ರಿಗಲ್ಲ. ನಿನಗ."