ಒರಟುತನದ ಅಭ್ಯಾಸ

ಗಡಿಯಾರ ರಿಪೇರಿ ಮಾಡುವವನಿಗೆ ಆಸೆ ಇರಬಾರದೇ, ನೀವೇ ಹೇಳಿ. ಇರಬಾರದಂತೆ. ಇದ್ದರೂ ಸ್ಕ್ರೂವಿನಷ್ಟು ಸಣ್ಣದಿರಬೇಕಂತೆ. ಇದು ನನ್ನ ಧರ್ಮಪತ್ನಿಯ ತೀರ್ಪು.

ಹಗಲೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಸಾಸಿವೆಯಂಥ ಚಕ್ರ ಹಿಡಿದು, ಹಾರಿಹೋದೀತೆಂದು ಉಸಿರನ್ನೂ ಕಂತಿನಲ್ಲಿ ಬಿಡುವವನು ನಾನು. ಇಂಥವನ ಎದೆಯೊಳಗೊಬ್ಬ ರಾಕ್ಷಸ ಇದ್ದಾನೆಂದರೆ ಅವಳು ನಂಬುವುದಿಲ್ಲ. (ಅವಳು ನಂಬುವ ಏಕೈಕ ರಾಕ್ಷಸ ನನ್ನ ಗೊರಕೆ.) ಹುಡುಗನಾಗಿದ್ದಾಗ ಹಳೇ ಪಂಕ್ ರಾಕ್‌ನ ಒಂದು ಕ್ಯಾಸೆಟ್ ಕೇಳಿದೆ, ಕೆಟ್ಟೆ. ಗಿಟಾರು ಅಂದರೆ ತಗಡನ್ನು ಗರಗಸದಲ್ಲಿ ಕೊಯ್ದ ಹಾಗೆ. ಅದರ ಕೆಳಗೆ ಬೇಸ್ ಗಿಟಾರು. ನಾಲ್ಕೇ ದಪ್ಪ ತಂತಿ, ಕಿಟಕಿಯ ಪಕ್ಕ ಲಾರಿ ನಿಂತು ಗುಡುಗುಡು ಅಂದ ಹಾಗೆ. ನುಡಿಸುವವರಿಗೆ ಬರುತ್ತಿದ್ದದ್ದೇ ಅಷ್ಟಿಷ್ಟು. ಆ ಅಷ್ಟಿಷ್ಟನ್ನೇ ಮನೆಗೆ ಬೆಂಕಿ ಬಿದ್ದವರ ಹಾಗೆ ಬಾರಿಸುತ್ತಿದ್ದರು. ಸುಳ್ಳಿಲ್ಲ, ನಯವಿಲ್ಲ. ಕೇಳಿದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ನನ್ನ ಬಾಮೈದ ಕ್ಷೌರಿಕ. ಅಂಗಡಿ ಮುಚ್ಚಿದ ದಿನ ಅವನು ಗಿಟಾರು ಹಿಡಿಯುತ್ತಾನೆ, ಅವನ ಗೆಳೆಯ ಪ್ಲಂಬರು ಡ್ರಮ್ಸ್ ಬಡಿಯುತ್ತಾನೆ. ಅವರ ಬೇಸ್ ನುಡಿಸುವವನು ಊರು ಬಿಟ್ಟದ್ದೇ ತಡ, ಆ ಜಾಗ ನನಗೇ ಬೇಕೆಂದು ಬಾಮೈದನ ಬೆನ್ನು ಬಿದ್ದೆ. ಭಾವ ಅಂತ ಸುಮ್ಮನೆ ಸೇರಿಸಿಕೊಳ್ಳಲಾರೆ, ಎರಡು ತಿಂಗಳು ಕಲಿತು ನುಡಿಸಿ ತೋರಿಸಿ ಅಂದ.

ಕಲಿತೆ. ಗೋಡೆ ಗಡಿಯಾರದ ಟಿಕ್‌ಟಿಕ್‌ಗೆ ಸರಿಯಾಗಿ, ಒಂದು ಕೂದಲು ಆಚೀಚೆ ಆಗದ ಹಾಗೆ ಒರಟುತನವನ್ನು ಅಭ್ಯಾಸ ಮಾಡಿದೆ. ಅಡುಗೆಮನೆಯಿಂದ ಹೆಂಡತಿಯ ವ್ಯಾಖ್ಯಾನ ಜೊತೆಗೇ ನಡೆಯುತ್ತಿತ್ತು: ಇದೇನು ಸಂಗೀತವೋ, ನಲ್ಲಿ ಸೋರುವುದೋ ಎಂದು.

ಪರೀಕ್ಷೆಯ ದಿನ ನಮ್ಮ ಹಾಲ್‌ನಲ್ಲೇ ಮೂವರೂ ಸೇರಿದೆವು. ಒಂದು ಸ್ವರ ತಪ್ಪಲಿಲ್ಲ. ಮುಗಿಸಿ, ಬೆವರು ಒರೆಸಿಕೊಂಡು, ಶಹಭಾಸ್‌ಗಾಗಿ ಕಾದೆ. ಪ್ಲಂಬರು ಚಾವಣಿ ನೋಡಿದ. ಬಾಮೈದ ಗಂಟಲು ಸರಿಮಾಡಿಕೊಂಡ.

"ಭಾವ, ಎಲ್ಲಾ ಸರಿಯಾಗಿದೆ. ಆದ್ರೆ ಇಸ್ತ್ರಿ ಮಾಡಿದ ಹಾಗಿದೆ."

ಇನ್ನೊಂದು ಸಲ ಎಂದು ಗೋಗರೆದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನನ್ನವಳು ಪ್ರತ್ಯಕ್ಷ, ಕೈಯಲ್ಲಿ ಒದ್ದೆ ಬಟ್ಟೆ. ಎರಡು ತಿಂಗಳಿಂದ ಇದೊಂದೇ ಕೇಳಿ ತಲೆ ಚಿಟ್ಟು ಹಿಡಿದಿದೆ, ಇನ್ನೊಂದು ಸಲ ಅಂದರೆ ನಾನು ಮನುಷ್ಯಳಾಗಿ ಉಳಿಯಲ್ಲ ಎಂದಳು. ಬಾಮೈದನಿಗೆ ಚೇಷ್ಟೆ.

"ಹಾಗಾದ್ರೆ ನೀನೇ ತೋರಿಸಕ್ಕ."

"ತೋರಿಸ್ದೆ ಬಿಡ್ತೀನಾ?" ಎಂದವಳೇ ನನ್ನ ಹೆಗಲಿಂದ ಗಿಟಾರು ಕಿತ್ತುಕೊಂಡಳು. ಪಟ್ಟಿ ಉದ್ದವಾಗಿ ಅದು ಅವಳ ಮಂಡಿಯ ತನಕ ಜೋತುಬಿತ್ತು. ನಾನು ಬಚ್ಚಲಲ್ಲಿದ್ದಾಗ ಬಾಗಿಲು ಬಡಿಯುವ ಕೈ ಇದೆಯಲ್ಲ, ಅದೇ ಕೈ ತಂತಿಯ ಮೇಲೆ ಬಿತ್ತು. ಗೋಡೆಯಾಚೆ ಕೇಳಿ ಕೇಳಿ ಅವಳಿಗೆ ಹಾಡೆಲ್ಲ ಬಾಯಿಪಾಠ. ಬೆರಳು ಅರ್ಧ ಕಡೆ ತಪ್ಪಿತು, ತಪ್ಪಿದ್ದನ್ನು ಇನ್ನೂ ಜೋರಾಗಿ ಬಾರಿಸಿದಳು. ಕಪಾಟಿನ ಲೋಟಗಳು ನಡುಗಿದವು. ಪ್ಲಂಬರು ಎದ್ದು ನಿಂತೇ ಡ್ರಮ್ಸ್ ಬಡಿದ, ಬಾಮೈದ ಗಿಟಾರನ್ನು ಗರಗಸದಂತೆ ಎಳೆದ. ನೋಡುತ್ತ ನಿಂತ ನನ್ನ ಮೈ ಜುಮ್ಮೆಂದಿತು. ಹಾಳಾದ್ದು, ಆ ಕ್ಯಾಸೆಟ್ಟಿನ ಸದ್ದೇ ಸ್ವಾಮಿ!

ಜಾಗ ಅವಳಿಗೇ ಹೋಯಿತು. ಬಾಮೈದ ನನ್ನ ಮುಖ ಕೂಡ ನೋಡಲಿಲ್ಲ.

ಆದರೂ ಕಲಿತವನು ನಾನಲ್ಲವೇ. ಅವರು ಹೋದ ಮೇಲೆ, ಮಾನ ಉಳಿಸಿಕೊಳ್ಳಲು ಗಂಭೀರವಾಗಿ ಹೇಳಿದೆ, ನಾಳೆಯಿಂದ ದಿನಾ ಒಂದು ಗಂಟೆ ಕೂರು, ಬೆರಳಿಡುವ ಕ್ರಮ ಹೇಳಿಕೊಡ್ತೀನಿ ಎಂದು.

ಅವಳು ಗಿಟಾರನ್ನು ಮಗುವಿನಂತೆ ಸೋಫಾದಲ್ಲಿ ಮಲಗಿಸಿ, ನನ್ನನ್ನು ನಿಜವಾದ ಕನಿಕರದಿಂದ ನೋಡಿದಳು.

"ಬೇಡ ರೀ, ಅಭ್ಯಾಸ ಮಾಡಿದ್ರೆ ನಿಮ್ಮ ಹಾಗೇ ಆಗ್ಬಿಡ್ತೀನಿ."