ಮಾವನವರ ಆತ್ಮಕಥೆಯೂ ಅತ್ತೆಯವರ ಬುಧವಾರವೂ

ಜೀವನಚರಿತ್ರೆ ಯಾರದೇ ಇರಲಿ, ಕೈಗೆ ಸಿಕ್ಕ ಕೂಡಲೇ ನಾನು ಆ ಮಹಾಪುರುಷರ ಹೆಂಡತಿಯನ್ನು ಹುಡುಕತೊಡಗುತ್ತೇನೆ. ಇದೊಂದು ಚಟ ಎಂದೇ ಇಟ್ಟುಕೊಳ್ಳಿ. ಮಹಾಪುರುಷರು ಹುಟ್ಟುತ್ತಾರೆ, ಬೀದಿದೀಪದ ಕೆಳಗೆ ಓದುತ್ತಾರೆ, ಊರು ಬಿಡುತ್ತಾರೆ, ಜೈಲಿಗೆ ಹೋಗುತ್ತಾರೆ. ಬಿಡುಗಡೆಯಾಗಿ ಬಂದು ಮನೆಯ ಬಾಗಿಲು ತಟ್ಟಿದರೆ ಒಳಗಿನಿಂದ ಮಕ್ಕಳು ಸಾಲುಸಾಲಾಗಿ ಹೊರಬರುತ್ತವೆ! ಈ ಮಕ್ಕಳನ್ನು ಹೆತ್ತವರು ಯಾರು, ಇಷ್ಟು ದಿನ ರೊಟ್ಟಿ ಬಡಿದು ಹಾಕಿದವರು ಯಾರು, ಹೋಗಲಿ, ಈಗ ಬಾಗಿಲು ತೆರೆದವರಾದರೂ ಯಾರು? ಬರೆದವರು ಬಾಯಿ ಬಿಡುವುದಿಲ್ಲ. ಬಹಳವೆಂದರೆ ಎಲ್ಲೋ ಒಂದು ಮೂಲೆಯಲ್ಲಿ ‘ಸಾಧ್ವಿಮಣಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಂಥ ಪದ ಕಂಡಾಗ ನನ್ನ ಮೈಯೆಲ್ಲ ಉರಿದುಹೋಗುತ್ತದೆ.

ನಾನು ಗಂಗಾವತಿಯಿಂದ ಕೊಪ್ಪಳಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತೆ. ಕೊಪ್ಪಳ ಜಿಲ್ಲೆಯಾದ ಮೇಲೆ ಹುಟ್ಟಿಕೊಂಡ ಕಚೇರಿಗಳಲ್ಲೊಂದರಲ್ಲಿ ನನ್ನದೂ ಒಂದು ಕುರ್ಚಿ ಇದೆ. ಓದೆಲ್ಲ ಬಸ್ಸಿನಲ್ಲೇ. ಜೀವನಚರಿತ್ರೆ ಬಿಟ್ಟರೆ ಹೆಣ್ಣು, ಗಂಡು, ಮನೆ, ಸಮಾಜ ಎಂದು ವಿಚಾರ ಮಾಡುವ ಪುಸ್ತಕಗಳು. ಒಳ್ಳೆಯ ಮಾತು ಬಂದಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ; ರಸ್ತೆಯ ಕೃಪೆಯಿಂದ ಅದು ಆಸ್ಪತ್ರೆಯಲ್ಲಿ ಎದೆಬಡಿತ ನೋಡಿ ಕೊಡುವ ಕಾಗದದ ಗೆರೆಯಂತೆ ಕುಣಿದಿರುತ್ತದೆ. ಓದಿದ್ದರ ಬಗ್ಗೆ ಅಭಿಪ್ರಾಯ ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳಿಬಿಡುತ್ತೇನೆ. ಈಚೆಗೆ ಕೆಲವರು ನನ್ನ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಬರುತ್ತಾರೆ.

ಇಂಥ ನನಗೆ, ನಿವೃತ್ತ ಹೆಡ್‌ಮಾಸ್ತರರಾದ ಮಾವನವರು ಒಂದು ದಿನ ದಪ್ಪನೆಯ ಕಾಗದದ ಕಟ್ಟು ತಂದುಕೊಟ್ಟರು. ಹಳೆಯ ಶಿಷ್ಯರೆಲ್ಲ ಸೇರಿ ಅವರಿಗೆ ಸನ್ಮಾನ ಮಾಡುವವರಿದ್ದರು. ಅದೇ ವೇದಿಕೆಯಲ್ಲಿ ಅವರ ಆತ್ಮಕಥೆ ಬಿಡುಗಡೆಯಾಗುವುದಿತ್ತು.

“ತಂಗಿ, ನೀ ಭಾಳ ಓದಿದಾಕಿ. ಒಂದೀಟು ನೋಡಿ ಹೇಳವಾ. ಮುಲಾಜ ಬ್ಯಾಡ,” ಎಂದರು.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಹಾಪುರುಷರೊಬ್ಬರು ಅಚ್ಚಾಗುವ ಮೊದಲೇ ಕೈಗೆ ಸಿಕ್ಕಿದ್ದರು! ಒಂದೇ ಉಸಿರಿಗೆ ಓದಿದೆ. ಬಾಲ್ಯದಲ್ಲಿ ಅವರ ಮನೆಯಲ್ಲಿದ್ದ ಬಿಳಿ ಎತ್ತಿನ ವರ್ಣನೆ ಪುಟಗಟ್ಟಲೆ ಇತ್ತು. ಅತ್ತೆಯವರು ಬಂದದ್ದು ‘ಅಗಲಿಕೆಯ ದಿನಗಳು’ ಎಂಬ ಅಧ್ಯಾಯದಲ್ಲಿ, ಒಂದೇ ಒಂದು ವಾಕ್ಯದಲ್ಲಿ: ‘ನಾನು ಹುಲಿಹೈದರದ ಶಾಲೆಯಲ್ಲಿ ಜ್ಞಾನದ ಹಣತೆ ಹಚ್ಚುತ್ತಿದ್ದಾಗ ನನ್ನ ಧರ್ಮಪತ್ನಿಯು ಗಂಗಾವತಿಯಲ್ಲಿ ಕಣ್ಣೀರಿನಲ್ಲೇ ಕಾಲ ಕಳೆಯುತ್ತ, ಪ್ರತಿ ಬುಧವಾರ ಹೇಮಗುಡ್ಡಕ್ಕೆ ಹೋಗಿ ನನ್ನ ಕ್ಷೇಮಕ್ಕಾಗಿ ದುರ್ಗಮ್ಮನನ್ನು ಬೇಡುತ್ತಿದ್ದಳು.’

“ಮಾವಾರ, ಎತ್ತಿಗೆ ಅಷ್ಟೊಂದು ಪುಟ ಕೊಟ್ಟೀರಿ, ಅತ್ತಿಯವರಿಗೆ ಒಂದ ಸಾಲೇನ್ರಿ?” ಎಂದು ಕೇಳಿದೆ.

“ಎತ್ತು ಸತ್ತು ಹೋಗೇತಿ ತಂಗಿ. ಆಕಿ ಇಲ್ಲೇ ಅದಾಳಲ್ಲ!”

ಮುಲಾಜು ಬೇಡವೆಂದು ಅವರೇ ಹೇಳಿದ್ದರಿಂದ, ವರ್ಷಗಟ್ಟಲೆ ಪೆನ್ಸಿಲ್ ಗೆರೆ ಎಳೆದಿಟ್ಟ ಮಾತುಗಳನ್ನೆಲ್ಲ ನಾನು ಅವರ ಮೇಲೆ ಸುರಿದೆ. ಹೆಣ್ಣಿನ ದುಡಿಮೆ, ಹೆಣ್ಣಿನ ಮೌನ, ಚರಿತ್ರೆಯಲ್ಲಿ ಹೆಣ್ಣಿಗಾದ ಅನ್ಯಾಯ. ಕೊನೆಗೆ ಮಾವನವರು ಕನ್ನಡಕ ತೆಗೆದು ಒರೆಸುತ್ತ, “ಹಂಗಾದ್ರ ನೀನ ಆಕೀನ್ನ ಕೇಳಿ ಬರಕೊಡವಾ. ಸೇರಸೂಣಂತ,” ಎಂದರು.

ಭಾನುವಾರ ಬೆಳಿಗ್ಗೆ ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ಮೆಂತ್ಯಸೊಪ್ಪು ಸೋಸುತ್ತ ಕೂತಿದ್ದರು. ಎದುರಿಗೆ ಕೂತೆ. ಕಣ್ಣೊರೆಸಿಕೊಳ್ಳಲು ಬೇಕಾದೀತೆಂದು ಸೆರಗನ್ನೂ ಸರಿಮಾಡಿಕೊಂಡೆ.

“ಅತ್ತಿ, ಮಾವಾರು ಹುಲಿಹೈದರದಾಗ ಇದ್ದಾಗ ಒಬ್ಬಾಕಿನ ಸಣ್ಣ ಕೂಸು ಕಟಗೊಂಡು ಭಾಳ ಕಷ್ಟಪಟ್ಟಿರಲ್ರಿ?” ಎಂದು ಮೆಲ್ಲಗೆ ಕೇಳಿದೆ.

“ಕಷ್ಟ ಎಲ್ಲೀದು ಯವ್ವಾ!” ಎಂದರು ಅತ್ತೆಯವರು. ಅವರ ಮುಖ ಹೂವಿನಂತೆ ಅರಳಿತು. “ಅಂಥಾ ಛಲೋ ದಿವಸ ನನ್ನ ಜಲ್ಮದಾಗ ಮತ್ತ ಬರಲಿಲ್ಲ ನೋಡು. ಬಾಜೂ ಮನಿ ಹುಸೇನಬಿ, ನಾನು, ಬುಧವಾರ ಬಂತಂದ್ರ ಮ್ಯಾಟ್ನಿಗೆ ಹೋಗ್ತಿದ್ವಿ. ನಿನ್ನ ಗಂಡಗ ಕೈಯಾಗ ಶೇಂಗಾ ಕೊಟ್ರ ತೊಡಿ ಮ್ಯಾಲೆ ಮಕ್ಕೊಂಡ ಬಿಡ್ತಿದ್ದ. ಹೊಡದಾಟದ ಪಿಚ್ಚರ್ ಇದ್ರ ಹುಸೇನಬಿ ಬಾಯಾಗ ಬೆರಳಿಟ್ಟು ಸೀಟಿ ಹೊಡೀತಿದ್ಳು. ನನಗೂ ಕಲಿಸಿದ್ಳು!”

“ಮತ್ತ ಹೇಮಗುಡ್ಡ?”

“ಮಂದಿ ಕೇಳಿದ್ರ ಹಂಗ ಹೇಳ್ತಿದ್ವಿ. ದುರ್ಗಮ್ಮ ತಿಳಕೊಂತಾಳ, ಮಂದಿ ತಿಳಕೊಳ್ಳಂಗಿಲ್ಲ.”

ನನ್ನ ಪರಿಸ್ಥಿತಿ ನೋಡಿ. ನಾನು ಓದಿದ ಪುಸ್ತಕಗಳಲ್ಲಿ ಅಬಲೆಯಿದ್ದಳು, ಬಂಡಾಯಗಾರ್ತಿಯಿದ್ದಳು; ಸೀಟಿ ಹೊಡೆಯುತ್ತ ಸುಖವಾಗಿದ್ದವಳು ಎಲ್ಲೂ ಇರಲಿಲ್ಲ. ಖುಷಿಯಿಂದ ಚಪ್ಪಾಳೆ ತಟ್ಟಬೇಕೆನ್ನುವಷ್ಟರಲ್ಲಿ ತಿರುಗಿ ನೋಡಿದರೆ, ನೀರು ಕುಡಿಯಲು ಬಂದ ಮಾವನವರು ಖಾಲಿ ಲೋಟ ಹಿಡಿದು ನಿಂತಿದ್ದಾರೆ. ನೀರನ್ನೂ ಕುಡಿಯದೆ ಹೊರಟುಹೋದರು.

ಅಂದಿನಿಂದ ಮನೆಯಲ್ಲಿ ಗಾಳಿಯೇ ಆಡಲಿಲ್ಲ. ಮಾವನವರು ಊಟಕ್ಕೆ ಬಂದರೂ ತಟ್ಟೆಯ ಜೊತೆ ಮಾತ್ರ ಮಾತುಕತೆ. ಪುಸ್ತಕವೂ ಬೇಡ, ಸನ್ಮಾನವೂ ಬೇಡ ಎಂದು ಶಿಷ್ಯರಿಗೆ ಫೋನ್ ಮಾಡಿದರಂತೆ. ನನ್ನ ಗಂಡ ಬಸವರಾಜ, “ಓದಿದ್ದನ್ನ ಬಸ್ಸಿನಾಗ ಬಿಟ್ಟು ಬರಾಕ ಬರಂಗಿಲ್ಲೇನು ನಿನಗ?” ಎಂದ. ನನಗೂ ಹೆದರಿಕೆಯಾಯಿತು. ಆ ಅಧ್ಯಾಯವೇ ಪುಸ್ತಕದ ಜೀವ. ತನಗಾಗಿ ಒಂದು ಜೀವ ಅಳುತ್ತಿದೆ ಎಂಬ ನಂಬಿಕೆಯಲ್ಲೇ ಆ ಮನುಷ್ಯ ಹುಲಿಹೈದರದಲ್ಲಿ ಬೆಂದೂ ಬೇಯದ ಅನ್ನ ಉಂಡಿದ್ದರು.

ಕೊನೆಗೆ ಒಂದು ಸಂಜೆ ಚಹಾ ಕುಡಿಯುವಾಗ ಅವರೇ ಮಾತು ತೆಗೆದರು. “ಅಲ್ಲಾ, ಸೋಮವಾರಕ್ಕೊಮ್ಮೆ ನಾ ಹೊರಟಾಗ ಊರ ಅಗಸಿತನಾ ಬಂದು ಅಳ್ತಿದ್ದೆಲ್ಲ, ಅದೂ ಸುಳ್ಳೇನು?”

“ಸುಳ್ಳ್ಯಾಕ ಆಕ್ಕತ್ರಿ? ಸೋಮವಾರ ಅತ್ತದ್ದು ಖರೇನ,” ಎಂದರು ಅತ್ತೆಯವರು. “ಆದ್ರ ವಾರೆಲ್ಲಾ ಹೆಂಗ ಅಳಾಕ ಆಕ್ಕತಿ? ಕೂಸಿತ್ತು, ಮನಿ ಇತ್ತು. ಬುಧವಾರ ನಕ್ಕು ಬಂದ್ರ ಶನಿವಾರ ನೀವು ಬರೂತನಾ ಜೀವ ತಡೀತಿತ್ತು.”

ಮಾವನವರು ಚಹಾದ ಕಪ್ಪನ್ನು ಬಾಯಿಯವರೆಗೆ ಒಯ್ದು ತಡೆದರು. ಆಮೇಲೆ ಸಣ್ಣ ದನಿಯಲ್ಲಿ, “ನನ್ನ ಯಾಕ ಒಮ್ಮೆನೂ ಕರೀಲಿಲ್ಲ?” ಎಂದರು.

“ಸಿನಿಮಾ ನೋಡಿದ್ರ ಮಂದಿ ಕೆಡ್ತಾರಂತ ಸಾಲ್ಯಾಗ ಭಾಷಣ ಮಾಡ್ತಿದ್ರಿ. ಹೆಂಗ ಕರೀಲಿ?”

ಮಾವನವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಬಸವರಾಜ ಓಡಿಬಂದ. ನಗುತ್ತಿದ್ದರು. ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತ್ತು.

ಸನ್ಮಾನಕ್ಕೆ ಮತ್ತೆ ಒಪ್ಪಿ, ಆ ಅಧ್ಯಾಯವನ್ನು ಅವರು ಹೊಸದಾಗಿ ಬರೆದರು. ‘ಅಗಲಿಕೆಯ ದಿನಗಳು’ ಹೋಗಿ ‘ಅವಳ ಬುಧವಾರಗಳು’ ಬಂತು. ಕೊಪ್ಪಳದ ಸಭೆಯಲ್ಲಿ ಅದನ್ನು ಓದಿದಾಗ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದಿದ್ದ ತಲೆನರೆತ ಶಿಷ್ಯರು ಬಿದ್ದುಬಿದ್ದು ನಕ್ಕರು. ಹಿಂದೆ ಕೂತಿದ್ದ ಅವರ ಹೆಂಡಂದಿರು ಅದಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅತ್ತೆಯವರು ವೇದಿಕೆಯ ಮೇಲೆ ಜರಿ ಶಾಲು ಹೊದ್ದು ಮಂತ್ರಿಯಂತೆ ಕೂತಿದ್ದರು. ನನ್ನ ಹಿಗ್ಗಂತೂ ಕೇಳಬೇಡಿ! ಒಬ್ಬ ಹೆಣ್ಣನ್ನು ಚರಿತ್ರೆಗೆ ಸೇರಿಸಿದ್ದೆನಲ್ಲ!

ಮರುವಾರ ಅತ್ತೆಯವರು, “ಹುಸೇನಬಿ ಈಗಿಲ್ಲ, ಪಾಪ. ನೀ ಬಾ,” ಎಂದು ನನಗೆ ರಜೆ ಹಾಕಿಸಿ ಮ್ಯಾಟ್ನಿಗೆ ಕರೆದೊಯ್ದರು. ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ನನಗೆ ಚಡಪಡಿಕೆ. ಮನೆಯಲ್ಲಿ ಗಂಡಸರಿಬ್ಬರೇ ಅನ್ನ ಮಾಡಿಕೊಳ್ಳುತ್ತೇವೆಂದಿದ್ದರು. ಕತ್ತಲಲ್ಲೇ ಬಸವರಾಜನಿಗೆ ಫೋನ್ ಹಚ್ಚಿ, ನೀರೆಷ್ಟು ಹಾಕಿದೆ, ಕುಕ್ಕರು ಎಷ್ಟು ಸೀಟಿ ಹೊಡೆಯಿತು ಎಂದು ವಿಚಾರಿಸಿದೆ. ಮತ್ತೆ ಹಚ್ಚಿದೆ. ಅತ್ತೆಯವರು ಫೋನ್ ಕಿತ್ತುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. “ಇಷ್ಟೆಲ್ಲಾ ಪುಸ್ತಕ ಓದೀದಿ, ಒಂದು ಪಿಚ್ಚರ್ ನೋಡಾಕ ಬರವಲ್ದಲ್ಲ ನಿನಗ!”

ನಾನು ಬಾಯಿ ಮುಚ್ಚಿಕೊಂಡು ಪರದೆ ನೋಡಿದೆ. ಅಲ್ಲಿ ನಾಯಕ ಖಳನನ್ನು ಎತ್ತಿ ಒಗೆದ. ಪಕ್ಕದಲ್ಲೇ ಕಿವಿ ಗಡಚಿಕ್ಕುವಂಥ ಸೀಟಿ ಕೇಳಿಸಿತು. ನಾನು ಗಾಬರಿಯಿಂದ ಎದ್ದು ನಿಂತು, “ಒಲಿ ಆರಸ್ರೀ!” ಎಂದು ಕೂಗಿಬಿಟ್ಟೆ.