ಮಾವನವರ ಮಗ್ಗ ಮತ್ತು ಮೋಟಾರಿಲ್ಲದ ಕ್ಯಾಮೆರಾ

ಒಂದು ವಸ್ತುವನ್ನು ಹೇಗೆ ಕೊಳ್ಳಬೇಕು ಎಂಬ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ಕೊಯಮತ್ತೂರು ಜಿಲ್ಲೆಯಲ್ಲೇ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಿದ್ದವನು ನಾನೊಬ್ಬನೇ. ಆದರೂ ನಂಬಿಕೆ ಗಟ್ಟಿಯಾಗಿತ್ತು. ಮಿಕ್ಸಿ ಕೊಳ್ಳುವ ಮುಂಚೆ ಅದರ ಹೊಟ್ಟೆ ಬಿಚ್ಚಿ ತೋರಿಸಿ ಎಂದು ಹಟ ಹಿಡಿದು, ಅಂಗಡಿಯವರಿಂದ ಕೈಮುಗಿಸಿಕೊಂಡು ಹೊರಗೆ ಬಂದ ಕೀರ್ತಿ ನನ್ನದು.

ನನ್ನ ಊರು ತಿಪಟೂರು ಕಡೆ. ಹೊಟ್ಟೆಪಾಡಿಗೆ ಬಂದು ಸೇರಿದ್ದು ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯ ಒಂದು ಪಂಪ್‌ಸೆಟ್ ಕಾರ್ಖಾನೆ. ಅಲ್ಲಿ ನಾನು ಟೆಸ್ಟಿಂಗ್ ವಿಭಾಗದ ಇಂಜಿನಿಯರು. ಅಂದರೆ, ಮೋಟಾರು ಓಡುತ್ತದೋ ಇಲ್ಲವೋ ಎಂದು ನೋಡಿ ಸಹಿ ಹಾಕುವುದು ನನ್ನ ಉದ್ಯೋಗ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ನಾನು ಮರೆಯಬೇಕೆಂದರೂ ಈಶ್ವರಿ ಮರೆಯಲು ಬಿಟ್ಟಿಲ್ಲ.

ಈಶ್ವರಿ ನನ್ನ ಹೆಂಡತಿ. ಹತ್ತಿರದ ಅವಿನಾಶಿ ಊರಿನ ನೇಕಾರರ ಮನೆಯ ಹುಡುಗಿ. ಎಷ್ಟೋ ತಲೆಮಾರಿನಿಂದ ತಮಿಳುನಾಡಿನಲ್ಲೇ ಇದ್ದು, ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ ಎಂದು ಬದುಕಿದವರು ಅವರು. ಕನ್ನಡದ ಹುಡುಗಿ ಇಲ್ಲೇ ಸಿಕ್ಕಳು ಎಂದು ಹಿಗ್ಗಿ ಮದುವೆಯಾದೆ. ಅವಳ ಕನ್ನಡ ನನಗೆ ಪೂರ್ತಿ ಅರ್ಥವಾಗಲು ಒಂದು ಮಳೆಗಾಲ ಹಿಡಿಯಿತು. ಬೈಗುಳ ಮಾತ್ರ ಮೊದಲ ದಿನದಿಂದಲೇ ಅರ್ಥವಾಗುತ್ತಿತ್ತು.

ಲೆನ್ಸು ಬಿಚ್ಚಿ ಬದಲಾಯಿಸುವಂಥ ಡಿಜಿಟಲ್ ಕ್ಯಾಮೆರಾಗಳ ಬೆಲೆ ನಮ್ಮಂಥವರ ದೀಪಾವಳಿ ಬೋನಸ್ಸಿನ ಮಟ್ಟಕ್ಕೆ ಇಳಿದ ಕಾಲ ಅದು. ನನಗೂ ಆ ಜ್ವರ ಹತ್ತಿತು. ದಿನಾ ಸಂಜೆ ಬ್ರೌಸಿಂಗ್ ಸೆಂಟರಿನಲ್ಲಿ ಕುಳಿತು ಲೋಕದ ತಜ್ಞರೆಲ್ಲ ಬರೆದದ್ದನ್ನು ಓದಿದೆ. ಅವರೂ ನನ್ನ ಹಾಗೆಯೇ ಕೆಲಸವಿಲ್ಲದವರು ಎಂಬುದು ಆಗ ಹೊಳೆಯಲಿಲ್ಲ.

"ಬಾಡಿ ಬೇರೆ, ಲೆನ್ಸ್ ಬೇರೆ ಕಣೇ," ಎಂದು ಈಶ್ವರಿಗೆ ಪಾಠ ಹೇಳಿದೆ. "ಮೊದಲು ಬಾಡಿ ತರಬೇಕು."

"ಏನುಂಗ, ಮೆಲ್ಲಗೆ ಮಾತಾಡಿ," ಅಂದಳು. "ಪಕ್ಕದ ಮನೆಯವರು ಕೇಳಿದ್ರೆ ಯಾರೋ ಸತ್ತೋದ್ರು ಅಂದ್ಕೋತಾರೆ."

ಬಾಡಿಯ ಜೊತೆ ಕಂಪನಿಯವರೇ ಒಂದು ಲೆನ್ಸು ಕೊಡುತ್ತಾರೆ. ಅದನ್ನು ತೆಗೆದುಕೊಳ್ಳುವವನು ಏನೂ ತಿಳಿಯದವನು ಎಂದು ತಜ್ಞರು ಒಕ್ಕೊರಲಿನಿಂದ ಬರೆದಿದ್ದರು. ತಿಳಿದವರೆಲ್ಲ ಐವತ್ತು ಎಂಎಂನ ಒಂದು ಪುಟ್ಟ ಲೆನ್ಸನ್ನು ಹೊಗಳುತ್ತಿದ್ದರು. ಬೆಲೆ ಕಡಿಮೆ. ಕತ್ತಲೆಯಲ್ಲೂ ಕಣ್ಣು ಕಾಣುತ್ತದೆ. ಮುಖವನ್ನು ಮಾತ್ರ ಸ್ಪಷ್ಟವಾಗಿಟ್ಟು ಹಿನ್ನೆಲೆಯನ್ನು ಬೆಣ್ಣೆಯಂತೆ ಕರಗಿಸುತ್ತದೆ! ನಾನು ತೀರ್ಮಾನಿಸಿಬಿಟ್ಟೆ. ಎಲ್ಲಕ್ಕಿಂತ ಅಗ್ಗದ ಬಾಡಿ, ಎಲ್ಲಕ್ಕಿಂತ ಅಗ್ಗದ ಒಳ್ಳೆಯ ಲೆನ್ಸು. ಎರಡಕ್ಕೂ ಮದುವೆ ಮಾಡಿಸಿದರಾಯಿತು. ಜಾತಕ ನೋಡಬೇಕೆಂದು ಮಾತ್ರ ತೋಚಲಿಲ್ಲ.

ಅಂಗಡಿಯಲ್ಲಿದ್ದ ಮಧ್ಯವಯಸ್ಸಿನ ಸೇಲ್ಸ್‌ಮನ್ ನನ್ನ ಆಯ್ಕೆ ನೋಡಿ ಹುಬ್ಬು ಏರಿಸಿದ.

"ಸಾರ್, ಇಂದ ಬಾಡೀಲ ಮೋಟಾರ್ ಇಲ್ಲೆ ಸಾರ್," ಅಂದ. ಈ ಬಾಡಿಯಲ್ಲಿ ಮೋಟಾರ್ ಇಲ್ಲವಂತೆ. ಹಾಗೆನ್ನುತ್ತಲೇ ಅವನ ಕೈ ಇನ್ನೊಂದು ದುಬಾರಿ ಲೆನ್ಸಿನ ಕಡೆಗೆ ಹೋಯಿತು.

ನನಗೆ ಎಲ್ಲಿಲ್ಲದ ನಗು ಬಂತು. ಇಪ್ಪತ್ತು ಅಶ್ವಶಕ್ತಿಯ ಮೋಟಾರಿಗೆ ಸಹಿ ಹಾಕುವವನಿಗೆ ಇವನು ಮೋಟಾರಿನ ಪಾಠ ಹೇಳಲು ಬಂದಿದ್ದಾನೆ!

"ನೋಡಪ್ಪ," ಎಂದು ನನ್ನ ಹರುಕುಮುರುಕು ತಮಿಳಿನಲ್ಲಿ ಹೇಳಿದೆ, "ನಾನಿರುವುದೇ ಮೋಟಾರ್ ಕಂಪನಿಯಲ್ಲಿ. ಮೋಟಾರಿನ ವಿಷಯ ನನ್ನ ಹತ್ತಿರ ಮಾತಾಡಬೇಡ. ಬಿಲ್ ಹಾಕು."

ಅವನು ಬಿಲ್ ಹಾಕಿದ. ಒಳ್ಳೆಯ ಮನುಷ್ಯ. ಎರಡನೆಯ ಸಲ ಹೇಳಲಿಲ್ಲ.

ಮನೆಗೆ ಬಂದು ಮಹಡಿ ಹತ್ತಿ ದೂರದ ಬೆಟ್ಟದ ಫೋಟೋ ತೆಗೆದೆ. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಬೆಟ್ಟ ಕೆತ್ತಿಟ್ಟ ಹಾಗೆ ಬಂದಿತ್ತು. ಲೆನ್ಸಿಗೆ ಕಿವಿಯಿಟ್ಟು ಕೇಳಿದೆ. ಒಂದಿಷ್ಟೂ ಸದ್ದಿಲ್ಲ.

"ಎಂಥ ಮೋಟಾರು ನೋಡೇ! ಓಡುವುದೇ ಗೊತ್ತಾಗುವುದಿಲ್ಲ!"

"ಓಡ್ತಾ ಇದೆಯಾ ಅಂತ ಮೊದಲು ನೋಡಿ," ಅಂದಳು ಈಶ್ವರಿ.

"ಒಳ್ಳೆಯ ಮೋಟಾರು ಸದ್ದು ಮಾಡುವುದಿಲ್ಲ," ಎಂದು ಇಂಜಿನಿಯರಿನ ಗತ್ತಿನಲ್ಲಿ ಹೇಳಿ, ಅವಳದೇ ಒಂದು ಫೋಟೋ ತೆಗೆದು ತೋರಿಸಿದೆ. ಅವಳು ಪರದೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ನನ್ನ ಮುಖ ಮಂಜುಮಂಜಾಗಿ ಅದೆ. ಹಿಂದೆ ಇರೋ ನೀರಿನ ಟ್ಯಾಂಕ್ ಪಳಪಳ ಅನ್ನುತ್ತೆ."

"ನೀನು ಅಲುಗಾಡಿದೆ. ಅಲ್ಲದೆ, ಈ ಲೆನ್ಸು ಹಿನ್ನೆಲೆಯನ್ನು ಕರಗಿಸುತ್ತದೆ ಕಣೇ. ಅದೊಂದು ಕಲೆ."

"ಹಂಗಾದ್ರೆ ನಾನು ಹಿನ್ನೆಲೆಯಾ?"

ಈ ಪ್ರಶ್ನೆಗೆ ಉತ್ತರ ಹುಡುಕಿದ್ದರೆ ಅವತ್ತೇ ಎಲ್ಲ ಬಯಲಾಗುತ್ತಿತ್ತು. ನಾನು ಕೆಳಗಿಳಿದು ಹೋಗಿ ಕಾಫಿ ಕುಡಿದೆ.

ಆ ವಾರವೇ ಅವಿನಾಶಿಯಿಂದ ಮಾವನವರ ಫೋನ್ ಬಂತು. ಅವರ ಮನೆಯ ಮುಂದಿನ ಕೋಣೆಯಲ್ಲಿ ಒಂದು ಗುಂಡಿ ಮಗ್ಗವಿತ್ತು. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಮದುವೆಗೆ ಮುಂಚಿನಿಂದ ಆವತ್ತಿನವರೆಗೂ ಅವರು ನೇಯ್ದದ್ದು ಅದರಲ್ಲೇ. ಈಗ ಮಂಡಿ ಕೇಳುತ್ತಿರಲಿಲ್ಲ. ಭಾವಮೈದುನ ಆ ಕೋಣೆಗೆ ಪವರ್‌ಲೂಮ್ ತರಿಸುವವನಿದ್ದ. ಶುಕ್ರವಾರ ಬಡಗಿ ಬಂದು ಮಗ್ಗ ಬಿಚ್ಚುತ್ತಾನೆ ಎಂದು ನಿಶ್ಚಯವಾಗಿತ್ತು.

"ಅದಕ್ಕೆ ಮುಂಚೆ ಒಂದು ಪೋಟೋ ಹಿಡಿಸ್ಬೇಕು ಮಾಪ್ಳೆ," ಅಂದರು. ಅಳಿಯನನ್ನು ಅವರು ಕರೆಯುವುದೇ ಹಾಗೆ. "ಮಗ್ಗದಾಗೆ ಕೂತಂಗೆ ನಂದೊಂದು ಪೋಟೋ ಇಲ್ಲ. ನಾಳೆ ಪೇರಪಿಳ್ಳೆಗಳು ತಾತ ಏನ್ ಕೆಲ್ಸ ಮಾಡ್ತಿದ್ದ ಅಂತ ಕೇಳಿದ್ರೆ ತೋರ್ಸಕ್ಕೆ ಬೇಕಲ್ಲ. ಸ್ಟುಡಿಯೋದವನಿಗೆ ಹೇಳಿದ್ದೀನಿ, ಗುರುವಾರ ಬತ್ತಾನೆ. ನೀವೂ ಬನ್ನಿ."

ಅವರ ಫೋಟೋ ಎಂದು ಆ ಮನೆಯಲ್ಲಿದ್ದದ್ದು ರೇಷನ್ ಕಾರ್ಡಿನದೊಂದೇ. ಮದುವೆ ಮನೆಗಳಲ್ಲಿ ಎಲ್ಲರೂ ಸಾಲಾಗಿ ನಿಲ್ಲುವ ಹೊತ್ತಿಗೆ ಅವರು ಅಡುಗೆಯವರ ಹತ್ತಿರ ಇರುತ್ತಿದ್ದರು. ಜನ್ಮದಲ್ಲಿ ಮೊದಲ ಸಲ ತಮಗಾಗಿ ಏನನ್ನಾದರೂ ಕೇಳಿದ್ದರು.

"ಸ್ಟುಡಿಯೋದವನಾ?" ಎಂದೆ ನಾನು. "ಬೇಡ ಅಂತ ಹೇಳಿಬಿಡಿ ಮಾವ! ಮನೆಯಲ್ಲಿ ಅಳಿಯ ಇಂಥ ಕ್ಯಾಮೆರಾ ಇಟ್ಟುಕೊಂಡಿರುವಾಗ ಹೊರಗಿನವನು ಯಾಕೆ?"

ಅವರು ಸ್ಟುಡಿಯೋದವನಿಗೆ ಬೇಡ ಅಂತ ಹೇಳಿಬಿಟ್ಟರು.

ಗುರುವಾರ ರಜೆ ಹಾಕಿ ಹೋದೆವು. ಮಾವನವರು ಮಿಂದು, ವಿಭೂತಿ ಇಟ್ಟು, ಒಗೆದ ಪಂಚೆ ಉಟ್ಟು ಮಗ್ಗದಲ್ಲಿ ಕುಳಿತಿದ್ದರು. ಕೊನೆಯ ಸೀರೆಯಲ್ಲಿ ಒಂದು ಮೊಳದಷ್ಟು ನೇಯದೆ ಉಳಿಸಿದ್ದರು. ಫೋಟೋದಲ್ಲಿ ಕೈ ನಿಜವಾಗಿ ಕೆಲಸ ಮಾಡುತ್ತಿರಬೇಕು ಎಂದು.

"ಸುಮ್ನೆ ಆಟಕ್ಕೆ ಕೈ ಆಡ್ಸಿದ್ರೆ ಪೋಟೋದಾಗೆ ಗೊತ್ತಾಗೋತದೆ," ಅಂದರು.

ಕೋಣೆ ಚಿಕ್ಕದು. ನನ್ನ ಲೆನ್ಸಿಗೆ ಮಗ್ಗವಿಡೀ ಹಿಡಿಸಲಿಲ್ಲ. ಹಿಂದೆ ಸರಿದೆ. ಗೋಡೆ ಬಂತು. ಅಡುಗೆಮನೆಯ ಬಾಗಿಲಿಗೆ ಸರಿದೆ. ಅತ್ತೆಯ ಅಕ್ಕಿ ಡಬ್ಬ ಉರುಳಿತು. ಕೊನೆಗೆ ಒಲೆಕಟ್ಟೆಗೆ ಬೆನ್ನು ಕೊಟ್ಟು, ಕನ್ನಡಕ ಕ್ಯಾಮೆರಾಕ್ಕೆ ತಾಗುತ್ತದೆಂದು ತೆಗೆದಿಟ್ಟು, ಕಿಂಡಿಯಲ್ಲಿ ಕಣ್ಣಿಟ್ಟೆ. ಎಲ್ಲ ಮಸುಕಾಗಿತ್ತು. ಕನ್ನಡಕ ತೆಗೆದರೆ ನನಗೆ ಜಗತ್ತೇ ಮಸುಕು. ಆದ್ದರಿಂದ ಅನುಮಾನವೇ ಬರಲಿಲ್ಲ. ಫ್ಲ್ಯಾಶ್ ಹಾಕಲಿಲ್ಲ. ತಜ್ಞರು ಬೇಡ ಅಂದಿದ್ದರು.

ಮಾವನವರ ಬೆನ್ನ ಹಿಂದಿನ ಕಿಟಕಿಯಿಂದ ಬೆಳಕು ಬರುತ್ತಿತ್ತು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು. ನಾನು ತೆಗೆದೇ ತೆಗೆದೆ. ಅವರು ನೇಯ್ದೇ ನೇಯ್ದರು. ಹಾಸು ಮುಗಿಯುತ್ತ ಬಂತು. ಕೊನೆಯ ಎಳೆ ಹೊಡೆದು, ಮಗ್ಗದ ಮರವನ್ನು ಒಂದು ಸಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದನ್ನೂ ತೆಗೆದೆ.

"ಬಂತಾ ಮಾಪ್ಳೆ?"

ಕನ್ನಡಕ ಹಾಕಿಕೊಳ್ಳದೆಯೇ ಪುಟ್ಟ ಪರದೆ ನೋಡಿ, "ಬಹಳ ಅದ್ಭುತವಾಗಿ ಬಂದಿದೆ ಮಾವ," ಅಂದೆ. ಅವರು ಕತ್ತರಿ ತೆಗೆದುಕೊಂಡು ಸೀರೆ ಕತ್ತರಿಸಿದರು.

ಮರುದಿನ ಬಡಗಿ ಮಗ್ಗ ಬಿಚ್ಚಿದ. ಹುಳ ತಿಂದ ಮರ ಬೇರೆ ಯಾತಕ್ಕೂ ಬರುವುದಿಲ್ಲವೆಂದು ಒಬ್ಬ ಹೋಟೆಲಿನವನು ಒಲೆಗೆ ಒಯ್ದ. ಗುಂಡಿ ಮುಚ್ಚಿ ಸಿಮೆಂಟು ಹಾಕಿದರು.

ನಾನು ಮೆಮೊರಿ ಕಾರ್ಡನ್ನು ಕಲರ್ ಲ್ಯಾಬಿಗೆ ಕೊಟ್ಟಿದ್ದೆ. ತರಲು ಹೋದಾಗ ಲ್ಯಾಬಿನವನು ಕೈ ಕುಲುಕಿದ.

"ಮಾಡು ಸೂಪರ್ ಸಾರ್!"

ಮಾಡು ಅಂದರೆ ತಮಿಳಿನಲ್ಲಿ ದನ. ನಾನು ಯಾವ ದನವನ್ನೂ ತೆಗೆದಿರಲಿಲ್ಲ. ಪ್ರಿಂಟು ನೋಡಿದೆ. ಕಿಟಕಿಯ ಆಚೆ, ಬೀದಿಯ ಆ ಬದಿಯಲ್ಲಿ, ಎದುರುಮನೆಯ ಪಳನಿಯಮ್ಮನ ಹಸು ನಿಂತಿತ್ತು. ಕಾಂಗೇಯಂ ತಳಿ. ಕೊಂಬಿನ ಗೆರೆ, ರೆಪ್ಪೆಯ ಕೂದಲು, ಮೂಗಿನ ಮೇಲಿನ ನೊಣ, ಒಂದೊಂದೂ ಸ್ಪಷ್ಟ. ಎಲ್ಲ ಪ್ರಿಂಟಿನಲ್ಲೂ ಅದೇ ಹಸು.

"ಮುಂದೆ ಮಾತ್ರ ಏನೋ ಹೊಗೆ ಅಡ್ಡ ಬಂದಿದೆ ಸಾರ್," ಎಂದ ಲ್ಯಾಬಿನವನು.

ಆ ಹೊಗೆ ನಮ್ಮ ಮಾವ.

ನನ್ನ ಹೆಗಲಲ್ಲಿದ್ದ ಕ್ಯಾಮೆರಾವನ್ನು ಅವನೇ ತೆಗೆದು ನೋಡಿ ವಿವರಿಸಿದ. ಲೆನ್ಸನ್ನು ತಿರುಗಿಸಿ ಹತ್ತಿರ ದೂರ ಸರಿಮಾಡುವ ಮೋಟಾರು ಬಾಡಿಯಲ್ಲಾದರೂ ಇರಬೇಕು, ಲೆನ್ಸಿನಲ್ಲಾದರೂ ಇರಬೇಕು. ನನ್ನ ಎರಡರಲ್ಲೂ ಇರಲಿಲ್ಲ. ಲೆನ್ಸು ಅಂಗಡಿಯಿಂದ ಬರುವಾಗಲೇ ದೂರಕ್ಕೆ ನಿಂತದ್ದು ಹಾಗೆಯೇ ನಿಂತಿತ್ತು; ಬೆಟ್ಟ ಚೆನ್ನಾಗಿ ಬಂದದ್ದು ಅದಕ್ಕೇ. ಕೈಯಲ್ಲಿ ಒಂದಿಷ್ಟು ತಿರುಗಿಸಿದ್ದರೆ ಸಾಕಾಗಿತ್ತಂತೆ. ಒಂದಿಷ್ಟು!

ಮನೆಗೆ ಬಂದು ಈಶ್ವರಿಗೆ ತೋರಿಸಿದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಪ್ರಿಂಟುಗಳನ್ನು ಒಂದೊಂದಾಗಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಅಪ್ಪನಿಗೆ ನೀವೇ ಹೇಳ್ಬೇಕು. ನಾ ಹೇಳಲ್ಲ," ಅಂದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ವಾರದ ಭಾನುವಾರ ಗಾಂಧಿಪುರದಲ್ಲಿ ಬಸ್ಸು ಹತ್ತಿದಾಗಿನಿಂದ ತಪ್ಪೊಪ್ಪಿಗೆಯನ್ನು ಬಾಯಿಪಾಠ ಮಾಡಿದೆ. ಮಾವನವರು ಬಾಗಿಲಲ್ಲೇ ಕಾದಿದ್ದರು. ಒಳಗೆ ಪವರ್‌ಲೂಮ್ ಗಡಗಡ ಅನ್ನುತ್ತಿತ್ತು. ನಾನು ಬಾಯಿ ತೆರೆಯುವ ಮುಂಚೆಯೇ ಅವರು ಲಕೋಟೆ ಕಿತ್ತುಕೊಂಡು ಫೋಟೋ ತೆಗೆದರು. ಹತ್ತಿರ ಹಿಡಿದರು. ದೂರ ಹಿಡಿದರು. ಬಿಸಿಲಿಗೆ ಹೋಗಿ ನಿಂತು ನೋಡಿದರು. ಪಂಚೆಯ ತುದಿಯಿಂದ ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರು.

"ಕಣ್ಣು ಪೂರಾ ಹೋಗ್ಬಿಡ್ತು ಮಾಪ್ಳೆ," ಅಂದರು.

ಅತ್ತೆ ಇಣುಕಿ ನೋಡಿದರು. "ಪಳನಿಯಮ್ಮನ ಹಸು ಕಾಣ್ತದಲ್ಲ!"

"ದೂರದ್ದು ಕಾಣ್ತದೆ, ಹತ್ತಿರದ್ದು ಕಾಣಲ್ಲ. ವಯಸ್ಸಾದ್ರೆ ಅಂಗೇನೇ," ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ಅಲ್ವಾ ಮಾಪ್ಳೆ?"

ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಪವರ್‌ಲೂಮಿನ ಸದ್ದಿನಲ್ಲಿ ಹಾರಿಹೋಯಿತು.

"ಹೌದು ಮಾವ," ಅಂದೆ.

ಅತ್ತೆ ಫೋಟೋ ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಆ ದಿನ ನನ್ನ ಎಲೆಗೆ ಎರಡನೆಯ ಸಲ ಸಾರು ಬರಲಿಲ್ಲ.

ಮಾವನವರು ಕಣ್ಣಾಸ್ಪತ್ರೆಗೆ ಹೊರಟರು. ಅಲ್ಲಿಯವರೆಗೆ ಎಷ್ಟು ಹೇಳಿದರೂ ಹೋಗದವರು ಫೋಟೋ ನೋಡುವ ಆಸೆಗೆ ತಾವೇ ಹೊರಟರು. ಪರೀಕ್ಷೆ ಮಾಡಿದ ಡಾಕ್ಟರು ಎರಡು ಕಣ್ಣಲ್ಲೂ ಪೊರೆ ಇದೆ, ಬಲಗಣ್ಣಿನಲ್ಲಿ ಬಲಿತಿದೆ, ಒಳ್ಳೆಯ ಸಮಯಕ್ಕೆ ಬಂದಿರಿ ಎಂದರು.

ನನಗೆ ಹೋದ ಜೀವ ಬಂದ ಹಾಗಾಯಿತು. ನೋಡಿದಿರಾ! ನಾನು ಫೋಟೋ ಸರಿಯಾಗಿ ತೆಗೆದಿದ್ದರೆ ಇವರು ಆಸ್ಪತ್ರೆಗೆ ಬರುತ್ತಿದ್ದರೇ? ಒಂದೆರಡು ದಿನ ನಾನೊಬ್ಬ ಪುಣ್ಯಾತ್ಮನೇ ಇರಬೇಕು ಎಂಬ ಭಾವನೆಯಲ್ಲಿ ತಿರುಗಾಡಿದೆ. ಈಶ್ವರಿಗೂ ಈ ವಾದ ಹೇಳಿದೆ. ಅವಳು ಆ ದಿನ ಉಪ್ಪಿಟ್ಟು ಮಾಡಿದಳು. ನನಗೆ ಉಪ್ಪಿಟ್ಟು ಸೇರುವುದಿಲ್ಲ.

ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚುವ ದಿನ ನಾವೆಲ್ಲ ಮಂಚದ ಸುತ್ತ ನಿಂತಿದ್ದೆವು. ಮಾವನವರು ಮೆಲ್ಲಗೆ ಕಣ್ಣು ಬಿಟ್ಟರು. ಗೋಡೆ ನೋಡಿದರು. ಅತ್ತೆಯನ್ನು ನೋಡಿ, "ಇಷ್ಟು ನರೆತಿದ್ದೀಯಾ!" ಅಂದರು. ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅಷ್ಟಕ್ಕೇ ಮುಗಿಯಲಿ ದೇವರೇ ಎಂದು.

"ಎಲ್ಲಿ ಅಮ್ಮಾ ಆ ಪೋಟೋ?" ಎಂದು ಅವರು ಮಗಳತ್ತ ಕೈ ಚಾಚಿದರು.

ಅವರ ಚೀಲದಲ್ಲೇ ಇತ್ತಂತೆ. ಪಂಚೆಯ ಮಡಿಕೆಯೊಳಗೆ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದರು. ಈಶ್ವರಿ ತೆಗೆದುಕೊಟ್ಟಳು. ಎರಡು ಕೈಯಲ್ಲೂ ಹಿಡಿದು ನೋಡಿದರು. ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ತಮ್ಮ ಹೊಗೆಯ ಮೇಲೆ ಬೆರಳಾಡಿಸಿದರು, ಲಾಳಿ ಇರಬೇಕಾದ ಜಾಗದಲ್ಲಿ ಬೆರಳು ನಿಲ್ಲಿಸಿದರು. ಜೀವನದಲ್ಲಿ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

"ಹಸು ಮುಂಚೆಗಿಂತ ಚೆನ್ನಾಗಿ ಕಾಣ್ತದೆ," ಅಂದರು ಮಾವ. ಫೋಟೋವನ್ನು ಮಡಿಲಲ್ಲಿಟ್ಟುಕೊಂಡು, ನನ್ನನ್ನೇ ಸಮಾಧಾನ ಮಾಡುವವರಂತೆ ಹೇಳಿದರು: "ಒಂದು ಕಣ್ಣು ತಾನೇ ಆಗಿರೋದು ಮಾಪ್ಳೆ. ಇನ್ನೊಂದೂ ಆಗ್ಲಿ. ಆವಾಗ ಮಗ್ಗ ಕಾಣ್ತದೆ."

ಈಶ್ವರಿ ನನ್ನ ಮುಖ ನೋಡಿದಳು. ಅತ್ತೆ ನೋಡಿದರು. ಹೇಳಬೇಕಾಗಿದ್ದದ್ದು ಒಂದೇ ಒಂದು ವಾಕ್ಯ. ಲೋಕದ ತಜ್ಞರನ್ನೆಲ್ಲ ಓದಿದ ನಾನು, ಮೋಟಾರುಗಳಿಗೆ ಸಹಿ ಹಾಕುವ ನಾನು, ಗಂಟಲು ಸರಿಮಾಡಿಕೊಂಡೆ.

"ಹೌದು ಮಾವ," ಅಂದೆ. "ಅದನ್ನೂ ಬೇಗ ಮಾಡಿಸಿಬಿಡೋಣ."